ಬಿಸಿಲಿಗೆ 80 ಸೆಂಟ್

ಗಲ್ಫಿನಲ್ಲಿ ಹತ್ತು ಹದಿನೈದು ವರ್ಷ ದುಡಿದು, ಮಕ್ಕಳ ಓದಿನ ಲೆಕ್ಕ ಹಾಕಿ, ಕೆನಡಾದ ಕಾಗದಪತ್ರ ಮಾಡಿಸಿಕೊಂಡು ಹೊರಟ ಕುಟುಂಬಗಳಲ್ಲಿ ಹಲವರ ಮೊದಲ ವಿಳಾಸ ಟೊರಾಂಟೊದ ಥಾರ್ನ್‌ಕ್ಲಿಫ್ ಪಾರ್ಕ್. ಈ ಸಂಘದ ಹಳೆಯ ಸದಸ್ಯರಾದ ನಾವು ಕೆಲವರೂ ಅದೇ ದಾರಿಯಲ್ಲಿ ಹೋದವರು. ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರಿ ಎಂಬ ಕರೆ ಬಂದಾಗ ಹಿಮ, ಮೇಪಲ್ ಎಲೆ, ನಯಾಗರ ಬಿಟ್ಟು ಬೇರೆ ಏನಾದರೂ ಬರೆಯೋಣ ಎಂದುಕೊಂಡೆವು. ವಿಷಯ ಹುಡುಕಬೇಕಾಗಲಿಲ್ಲ. ಊರಿನ ಮನೆಯ ತಾರಸಿಗೆ ಸೋಲಾರ್ ಹಾಕಿಸಿದರೆ ಹೇಗೆ, ಸರ್ಕಾರ 78 ಸಾವಿರ ಕೊಡುತ್ತದಂತೆ ಎಂಬ ಪ್ರಶ್ನೆ ಮಂಗಳೂರಿನಿಂದ, ಉಡುಪಿಯಿಂದ, ದುಬೈಯಿಂದ, ಮಸ್ಕತ್‌ನಿಂದ ನಮಗೆ ಬರುತ್ತಲೇ ಇದೆ. ಸೋಲಾರ್ ಒಳ್ಳೆಯದೇ ಕೆಟ್ಟದ್ದೇ ಎಂದು ಹೇಳಲು ನಾವು ಎಂಜಿನಿಯರರಲ್ಲ. ಆದರೆ ಬಿಸಿಲಿಗೆ ಸರ್ಕಾರ ದೊಡ್ಡ ಬೆಲೆ ಕಟ್ಟಿದರೆ ಏನೇನಾಗುತ್ತದೆ ಎಂಬುದಕ್ಕೆ ನಾವು ಬಂದು ಸೇರಿದ ಒಂಟಾರಿಯೊ ಪ್ರಾಂತ್ಯದ ಹತ್ತು ವರ್ಷದ ಇತಿಹಾಸವೇ ಒಂದು ದೊಡ್ಡ ಪಾಠಪುಸ್ತಕ. ಆ ಪುಸ್ತಕವನ್ನು ಥಾರ್ನ್‌ಕ್ಲಿಫ್ ಪಾರ್ಕಿನ ಬಾಡಿಗೆ ಮನೆಯಿಂದ ಓದಿದರೆ ಬೇರೆಯದೇ ಅರ್ಥ ಕೊಡುತ್ತದೆ.

ಮೊದಲು ಜಾಗದ ಪರಿಚಯ. ಡಾನ್ ಕಣಿವೆಯ ದಂಡೆಯ ಮೇಲೆ ಕುದುರೆ ಲಾಳದ ಆಕಾರದ ಒಂದು ರಸ್ತೆ, ಅದರ ಸುತ್ತ ಸಾಲು ಸಾಲು ಎತ್ತರದ ಕಟ್ಟಡಗಳು. ಲಾಳದ ಹೋಲಿಕೆ ನಮ್ಮದೇ, ಆದರೆ ಕುದುರೆಗಳು ನಿಜವಾಗಿಯೂ ಇದ್ದವು. ಡೇವಿಸ್ ಮನೆತನದ ಫಾರ್ಮ್ ಆಗಿದ್ದ ಈ ನೆಲದಲ್ಲಿ 1917ರಿಂದ 1952ರವರೆಗೆ ಥಾರ್ನ್‌ಕ್ಲಿಫ್ ರೇಸ್‌ಕೋರ್ಸ್ ನಡೆಯಿತು. ಇಂದಿಗೂ ಇಲ್ಲಿನ ಎರಡು ಚಿಕ್ಕ ರಸ್ತೆಗಳ ಹೆಸರು ಗ್ರ್ಯಾಂಡ್‌ಸ್ಟ್ಯಾಂಡ್ ಪ್ಲೇಸ್, ಮೈಲ್‌ಪೋಸ್ಟ್ ಪ್ಲೇಸ್. ರೇಸ್‌ಕೋರ್ಸ್ ಮುಚ್ಚಿದ ಮೇಲೆ ಐವತ್ತು ಅರವತ್ತರ ದಶಕಗಳಲ್ಲಿ ಈ ಬಾಡಿಗೆ ಕಟ್ಟಡಗಳು ಎದ್ದವು. ಸುಮಾರು 12,500 ಜನರಿಗೆಂದು ಯೋಜಿಸಿದ ಬಡಾವಣೆಯಲ್ಲಿ ಈಗ 20 ಸಾವಿರಕ್ಕೂ ಹೆಚ್ಚು ಜನ. ಅಫ್ಘಾನಿಸ್ತಾನ, ಪಾಕಿಸ್ತಾನ, ಭಾರತ, ಫಿಲಿಪ್ಪೀನ್ಸ್ ಎಲ್ಲರೂ ಇಲ್ಲಿದ್ದಾರೆ. ಓವರ್‌ಲೀ ಬುಲೆವಾರ್ಡಿನಲ್ಲಿ ಸಂಜೆ ನಡೆದರೆ ದೇರಾದ ನೆನಪಾಗದೆ ಇರದು. ಇಲ್ಲಿನವರಲ್ಲಿ ಹೆಚ್ಚಿನವರು ಬಾಡಿಗೆದಾರರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಥಾರ್ನ್‌ಕ್ಲಿಫ್ ಪಾರ್ಕಿಗೂ ವಿದ್ಯುತ್ತಿಗೂ ಹಳೆಯ ನಂಟಿದೆ. ಪಕ್ಕದ ಮಿಲ್‌ವುಡ್ ರಸ್ತೆಯಲ್ಲಿ ಲೀಸೈಡ್ ಟ್ರಾನ್ಸ್‌ಫಾರ್ಮರ್ ಕೇಂದ್ರವಿದೆ. 1928ರಲ್ಲಿ ಕ್ವಿಬೆಕ್‌ನ ಗ್ಯಾಟಿನೋ ನದಿಯ ಪಾಗನ್ ಜಲಪಾತದಿಂದ 2,20,000 ವೋಲ್ಟ್‌ನ ತಂತಿಯಲ್ಲಿ ಸುಮಾರು 370 ಕಿಲೋಮೀಟರ್ ದಾಟಿ ಬಂದ ವಿದ್ಯುತ್ ಇಳಿದದ್ದು ಇಲ್ಲಿಯೇ. ಇಲ್ಲಿನ ಜನ ಕರೆಂಟ್ ಬಿಲ್ಲನ್ನು ಇವತ್ತಿಗೂ 'ಹೈಡ್ರೋ ಬಿಲ್' ಎನ್ನುತ್ತಾರೆ. ಒಂಟಾರಿಯೊದ ಸುಮಾರು ಅರ್ಧದಷ್ಟು ವಿದ್ಯುತ್ ಈಗ ಅಣುಸ್ಥಾವರದ್ದು. ಆದರೂ ನೀರಿನ ಹೆಸರು ಬಿಲ್ಲಿನ ಮೇಲೆ ಉಳಿದುಕೊಂಡಿದೆ.

ಇಲ್ಲಿ ಒಂದು ಚಿಕ್ಕ ಅಡ್ಡದಾರಿ, ಕನ್ನಡಿಗರಾಗಿ ಹಿಡಿಯದೆ ಇರಲಾರೆವು. ಶಿವನಸಮುದ್ರದ ಜಲವಿದ್ಯುತ್ ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಅಲೆನ್ ಜೋಲಿ ದ ಲೋಟ್‌ಬಿನಿಯೇರ್ ಕೆನಡಾದವರು. ಅವರ ತಂದೆ ಕ್ವಿಬೆಕ್ ಪ್ರಾಂತ್ಯದ ಪ್ರೀಮಿಯರ್ ಆಗಿದ್ದರು. ಮಗ ಇದೇ ಒಂಟಾರಿಯೊದ ಕಿಂಗ್‌ಸ್ಟನ್ನಿನ ಮಿಲಿಟರಿ ಕಾಲೇಜಿನಲ್ಲಿ ಕಲಿತು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ ಎದ್ದ ಆ ಯೋಜನೆ 1902ರಲ್ಲಿ ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕೊಟ್ಟಿತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಸರ್ಕಾರದ ಹಣದಲ್ಲಿ ಹುಟ್ಟಿದ ವಿದ್ಯುತ್ ಯಾರ ಮನೆಗೆ ಮೊದಲು ಹೋಯಿತು ಎಂಬುದು ನಮಗೆ ಹೊಸ ಪ್ರಶ್ನೆಯಲ್ಲ.

ಒಂಟಾರಿಯೊದಲ್ಲಿ ಆ ಪ್ರಶ್ನೆಗೆ ಸಿಕ್ಕ ಹಳೆಯ ಉತ್ತರ ಒಳ್ಳೆಯದಾಗಿತ್ತು. 1906ರಲ್ಲಿ ಆಡಂ ಬೆಕ್ ಅವರ ಮುಂದಾಳತ್ವದಲ್ಲಿ ಸಾರ್ವಜನಿಕ ವಿದ್ಯುತ್ ಆಯೋಗ ಹುಟ್ಟಿತು. ಅದರ ಮಂತ್ರ ಒಂದೇ: ತಯಾರಿಸಿದ ಖರ್ಚಿಗೆ ವಿದ್ಯುತ್, ಲಾಭವಿಲ್ಲ. ನೂರು ವರ್ಷ ಇಲ್ಲಿನ ಕಾರ್ಖಾನೆಗಳೂ ಅಡುಗೆಮನೆಗಳೂ ಆ ಮಾತಿನ ಮೇಲೆ ನಡೆದವು. ಆ ಮಂತ್ರಕ್ಕೆ ತೀರ ವಿರುದ್ಧವಾದ ಒಂದು ಬೆಲೆ 2009ರಲ್ಲಿ ಬಂತು.

ಆ ವರ್ಷ ಪ್ರೀಮಿಯರ್ ಆಗಿದ್ದವರು ಡಾಲ್ಟನ್ ಮೆಗಿಂಟಿ, ಇಂಧನ ಸಚಿವ ಜಾರ್ಜ್ ಸ್ಮಿದರ್‌ಮನ್. ಅಮೆರಿಕದ ಬ್ಯಾಂಕುಗಳು ಕುಸಿದು, ಒಂಟಾರಿಯೊದ ಕಾರು ಕಾರ್ಖಾನೆಗಳು ಕೆಲಸಗಾರರನ್ನು ಮನೆಗೆ ಕಳಿಸುತ್ತಿದ್ದ ಸಮಯ. ದುಬೈಯಲ್ಲಿ ಕ್ರೇನುಗಳು ನಿಂತುಹೋಗಿದ್ದ ವರ್ಷವೂ ಅದೇ. ನಮ್ಮಲ್ಲಿ ಕೆಲವರು ಕೆನಡಾದ ಅರ್ಜಿ ತುಂಬಿದ್ದು ಆಗಲೇ. ಮೇ ತಿಂಗಳಲ್ಲಿ ಹಸಿರು ಇಂಧನ ಕಾಯ್ದೆ ಅಂಗೀಕಾರವಾಯಿತು. ಅದರ ಗುರಿಗಳು ಮೂರು: ಕಲ್ಲಿದ್ದಲು ಸ್ಥಾವರ ಮುಚ್ಚುವುದು, ಗಾಳಿ ಮತ್ತು ಬಿಸಿಲಿನ ವಿದ್ಯುತ್ ಬೆಳೆಸುವುದು, 50 ಸಾವಿರ ಉದ್ಯೋಗ ಹುಟ್ಟಿಸುವುದು. ಜರ್ಮನಿಯ ಮಾದರಿ ಹಿಡಿದು 'ಫಿಟ್' ಎಂಬ ಯೋಜನೆ ಬಂತು. ಅದರ ಚಿಕ್ಕ ತಮ್ಮ 'ಮೈಕ್ರೋಫಿಟ್', 10 ಕಿಲೋವ್ಯಾಟ್‌ವರೆಗಿನ ಮನೆ ಚಾವಣಿಗಳಿಗೆ. ನಿಮ್ಮ ಚಾವಣಿಯಲ್ಲಿ ಹುಟ್ಟಿದ ಪ್ರತಿ ಯೂನಿಟ್‌ಗೆ ಸರ್ಕಾರ 80.2 ಸೆಂಟ್ ಕೊಡುತ್ತದೆ, ಅದೂ 20 ವರ್ಷದ ಕರಾರಿನ ಮೇಲೆ. ಅದೇ ಸಮಯದಲ್ಲಿ ಮನೆಗಳು ಒಂದು ಯೂನಿಟ್ ವಿದ್ಯುತ್ತಿಗೆ ಕೊಡುತ್ತಿದ್ದದ್ದು 10 ಸೆಂಟ್‌ಗಿಂತ ಕಡಿಮೆ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಇಷ್ಟು ದೊಡ್ಡ ಬೆಲೆ ಯಾರದೋ ಕೈತಪ್ಪಿನಿಂದ ಬಂದದ್ದಲ್ಲ, ಲೆಕ್ಕ ಹಾಕಿಯೇ ಬಂದದ್ದು. ಆಗ ಸೌರ ಫಲಕಗಳು ದುಬಾರಿಯಾಗಿದ್ದವು. 10 ಕಿಲೋವ್ಯಾಟ್ ವ್ಯವಸ್ಥೆಗೆ 80 ಸಾವಿರ ಡಾಲರ್ ಆಸುಪಾಸು ಬೇಕಿತ್ತು. ಟೊರಾಂಟೊದ ಬಿಸಿಲಿನಲ್ಲಿ ಅದು ವರ್ಷಕ್ಕೆ ಸುಮಾರು 11 ಸಾವಿರ ಯೂನಿಟ್ ಕೊಡುತ್ತದೆ. 80.2 ಸೆಂಟ್‌ನಂತೆ ಹೆಚ್ಚುಕಡಿಮೆ 9 ಸಾವಿರ ಡಾಲರ್. ಹಾಕಿದ ಬಂಡವಾಳಕ್ಕೆ ಶೇಕಡ 11ರಷ್ಟು ಲಾಭ ಬರುವಂತೆ ದರ ಕಟ್ಟಲಾಗಿತ್ತು. ಲೆಕ್ಕ ಎಡವಿದ್ದು ಎರಡು ಕಡೆ. ಮೊದಲನೆಯದು, ಫಲಕದ ಬೆಲೆ ನಿಲ್ಲುವ ವಸ್ತುವಲ್ಲ. ಚೀನಾದ ಕಾರ್ಖಾನೆಗಳು ಓಡತೊಡಗಿದ ಮೇಲೆ ಐದಾರು ವರ್ಷಗಳಲ್ಲಿ ಅದು ಹೆಚ್ಚುಕಡಿಮೆ ಐದನೆಯ ಒಂದು ಭಾಗಕ್ಕೆ ಇಳಿಯಿತು. ಖರ್ಚು ತಿಂಗಳು ತಿಂಗಳು ಇಳಿಯುತ್ತಿದ್ದರೂ ಸರ್ಕಾರಿ ದರ ಕರಾರಿನಲ್ಲಿ ಕಲ್ಲಿನಂತೆ ಕೂತಿತ್ತು. ಎರಡನೆಯದು, ಮನೆ ಚಾವಣಿಗೂ ಹೊಲದಲ್ಲಿ ಕಂಬ ನೆಟ್ಟು ಹಾಕುವ ಫಲಕಕ್ಕೂ ಒಂದೇ ದರ ಇಟ್ಟಿದ್ದು. ಹೊಲದಲ್ಲಿ ಹಾಕುವುದು ಅಗ್ಗ. ಮುಂದೆ 2011ರಲ್ಲಿ ಪ್ರಾಂತ್ಯದ ಮಹಾಲೆಕ್ಕಪರಿಶೋಧಕರು ಲೆಕ್ಕ ತೆಗೆದಾಗ ಹೊಲದ ಫಲಕಗಳಿಗೆ ಶೇಕಡ 23-24ರಷ್ಟು ಲಾಭ ಬರುತ್ತಿತ್ತೆಂದು ಗೊತ್ತಾಯಿತು.

ಇಂಥ ಸುದ್ದಿ ರೈತನಿಗೆ ತಲುಪಲು ಎಷ್ಟು ದಿನ ಬೇಕು? ಕೆಲವೇ ತಿಂಗಳಲ್ಲಿ 16 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು, ಬಹುಪಾಲು ಹೊಲಗಳಿಗೇ. 2010ರ ಜುಲೈಯಲ್ಲಿ ಅಧಿಕಾರಿಗಳು ಎಚ್ಚೆತ್ತು ಹೊಲದ ಫಲಕದ ದರವನ್ನು 58.8 ಸೆಂಟ್‌ಗೆ ಇಳಿಸುತ್ತೇವೆಂದರು. ರೈತರು ಎದ್ದು ನಿಂತರು, ಆಗಸ್ಟ್‌ನಲ್ಲಿ ಅದು 64.2 ಆಯಿತು. ಅಷ್ಟರೊಳಗೆ ಅರ್ಜಿ ಹಾಕಿದವರಿಗೆ ಹಳೆಯ 80.2 ಸೆಂಟೇ ಸಿಕ್ಕಿತು. ದರ ಇಳಿಸಿರೆಂದು ಮೊದಲು ಸಲಹೆ ಬಂದಾಗಲೇ ಇಳಿಸಿದ್ದರೆ 20 ವರ್ಷದಲ್ಲಿ 95 ಕೋಟಿ ಡಾಲರ್ ಉಳಿಯುತ್ತಿತ್ತು ಎಂಬುದು ಅದೇ ಲೆಕ್ಕಪರಿಶೋಧಕರ ಮಾತು. ತಡವಾದದ್ದು ಕೆಲವೇ ತಿಂಗಳು.

ಆ ರೈತರೆಲ್ಲ ಗೆದ್ದರು ಎಂದುಕೊಳ್ಳಬೇಡಿ. ಅರ್ಜಿಗೆ ಷರತ್ತಿನ ಒಪ್ಪಿಗೆ ಸಿಕ್ಕಿತೆಂದು ಸಾಲ ಮಾಡಿ ಫಲಕ ನಿಲ್ಲಿಸಿಕೊಂಡ ನೂರಾರು ಹಳ್ಳಿಗರಿಗೆ 2011ರ ಆರಂಭದಲ್ಲಿ ಉತ್ತರ ಬಂತು: ನಿಮ್ಮ ಭಾಗದ ತಂತಿಯಲ್ಲಿ ಜಾಗವಿಲ್ಲ, ಜೋಡಿಸಲಾಗದು. ಹಳ್ಳಿಯ ತಂತಿಗಳನ್ನು ಪಟ್ಟಣದಿಂದ ಹಳ್ಳಿಗೆ ವಿದ್ಯುತ್ ಒಯ್ಯಲೆಂದು ಎಳೆದಿದ್ದರೇ ಹೊರತು ಹಳ್ಳಿಯಿಂದ ವಾಪಸ್ ತರಲೆಂದಲ್ಲ. ದರ ಘೋಷಿಸುವ ಇಲಾಖೆಯೂ ತಂತಿ ನೋಡಿಕೊಳ್ಳುವ ಕಂಪನಿಯೂ ಒಂದು ಮೇಜಿನಲ್ಲಿ ಕೂತು ಮಾತಾಡಿದ್ದರೆ ಇದು ಮೊದಲೇ ತಿಳಿಯಬೇಕಿತ್ತು. ಊರಿನಲ್ಲಿ ಪಂಪ್‌ಸೆಟ್ಟಿಗೆ ಅರ್ಜಿ ಹಾಕಿ ಟ್ರಾನ್ಸ್‌ಫಾರ್ಮರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಥಾರ್ನ್‌ಕ್ಲಿಫ್ ಪಾರ್ಕಿಗೆ ಬರೋಣ. ಇಲ್ಲಿ ಬಿಸಿಲಿಗೇನೂ ಕಡಿಮೆಯಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗಳಲ್ಲಿ ಬೇಸಿಗೆಯಿಡೀ ಬಟ್ಟೆ ಗರಿಗರಿಯಾಗಿ ಒಣಗುತ್ತದೆ. ಆದರೆ ಚಾವಣಿ ನಮ್ಮದಲ್ಲ, ಚಾವಣಿಗೆ ಹೋಗುವ ಬಾಗಿಲಿಗೆ ಬೀಗ. ಇಪ್ಪತ್ತು ಮಹಡಿಯ ಕಟ್ಟಡದಲ್ಲಿ ನೂರಾರು ಮನೆಗಳಿದ್ದರೂ ಚಾವಣಿ ಒಂದೇ, ಅದರ ಒಡೆಯನೂ ಒಬ್ಬನೇ. ಮೈಕ್ರೋಫಿಟ್ ಅರ್ಜಿ ಹಾಕಲು ಆಸ್ತಿ ಬೇಕು, ಬಂಡವಾಳ ಬೇಕು, 20 ವರ್ಷ ಒಂದೇ ಕಡೆ ಇರುವ ಭರವಸೆ ಬೇಕು. ಹೊಸದಾಗಿ ಬಂದ ವಲಸಿಗನ ಹತ್ತಿರ ಇವು ಮೂರೂ ಇರುವುದಿಲ್ಲ. ಲೀಸೈಡಿನ ಸ್ವಂತ ಮನೆಗಳು ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಯೋಜನೆ ಆ ಮನೆಗಳವರೆಗೆ ಬಂದು ನಿಂತಿತು.

ಯೋಜನೆ ನಿಂತರೂ ಬಿಲ್ಲು ನಿಲ್ಲಲಿಲ್ಲ. ಮಾರುಕಟ್ಟೆಯಲ್ಲಿ ವಿದ್ಯುತ್ತಿನ ಬೆಲೆ ಒಂದು, ಕರಾರಿನಲ್ಲಿ ಉತ್ಪಾದಕರಿಗೆ ಕೊಡಬೇಕಾದ ಬೆಲೆ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವನ್ನು ಎಲ್ಲ ಬಳಕೆದಾರರ ಮೇಲೆ ಹಂಚುವ ಬಾಬತ್ತಿಗೆ ಇಲ್ಲಿ 'ಗ್ಲೋಬಲ್ ಅಡ್ಜಸ್ಟ್‌ಮೆಂಟ್' ಎನ್ನುತ್ತಾರೆ. ಹೆಸರು ಕೇಳಿದರೆ ವಿಶ್ವಶಾಂತಿಯ ವಿಷಯ ಅನ್ನಿಸುತ್ತದೆ. ಮನೆಯ ಬಿಲ್ಲಿನಲ್ಲಿ ಅದು ಪ್ರತ್ಯೇಕ ಸಾಲಾಗಿ ಕಾಣುವುದಿಲ್ಲ, ಯೂನಿಟ್ ದರದೊಳಗೇ ಕರಗಿರುತ್ತದೆ. ಕಟ್ಟಡದಲ್ಲಿ ಪ್ರತಿ ಮನೆಗೂ ಮೀಟರ್ ಇದ್ದರೆ ಬಾಡಿಗೆದಾರ ನೇರವಾಗಿ ಕೊಡುತ್ತಾನೆ. ಕರೆಂಟ್ ಬಾಡಿಗೆಯಲ್ಲೇ ಸೇರಿದ್ದರೆ ಸುತ್ತು ಬಳಸಿ ಕೊಡುತ್ತಾನೆ. 2017ರ ಕೊನೆಯವರೆಗೂ ವಿದ್ಯುತ್ ಖರ್ಚು ಅತಿಯಾಗಿ ಏರಿತೆಂದು ತೋರಿಸಿ ಮಾಲೀಕರು ಸರ್ಕಾರದ ಮಿತಿಗಿಂತ ಹೆಚ್ಚು ಬಾಡಿಗೆ ಏರಿಸಲು ಅರ್ಜಿ ಹಾಕಬಹುದಿತ್ತು. ದೊಡ್ಡ ಕಾರ್ಖಾನೆಗಳಿಗೆ 2011ರಿಂದ ಬೇರೆಯೇ ದಾರಿ ಸಿಕ್ಕಿತು. ವರ್ಷದ ಅತಿ ಹೆಚ್ಚು ಬೇಡಿಕೆಯ ಕೆಲವು ಗಂಟೆ ಯಂತ್ರ ನಿಲ್ಲಿಸಿದರೆ ಅವರ ಪಾಲು ಇಳಿಯುತ್ತದೆ, ಇಳಿದದ್ದು ಮನೆಗಳ, ಚಿಕ್ಕ ಅಂಗಡಿಗಳ ಪಾಲಿಗೆ ಸೇರುತ್ತದೆ. ಎಳೆಯ ಮಕ್ಕಳಿರುವ ಮನೆಯಲ್ಲಿ ಫೆಬ್ರವರಿಯ ಸಂಜೆ ಹೀಟರ್ ನಿಲ್ಲಿಸುವವರು ಯಾರು? ಉಂಡವನೊಬ್ಬ, ಎಲೆ ಎತ್ತಿದವನೊಬ್ಬ.

ನ್ಯಾಯಕ್ಕಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗ್ಲೋಬಲ್ ಅಡ್ಜಸ್ಟ್‌ಮೆಂಟಿನಲ್ಲಿ ಸೌರದ ಪಾಲು ಒಂದು ತುಂಡು ಮಾತ್ರ. ಅಣುಸ್ಥಾವರ, ಅನಿಲ ಸ್ಥಾವರಗಳ ಕರಾರುಗಳೂ ಅದರಲ್ಲಿವೆ. ಬಿಲ್ ಏರಿದ್ದಕ್ಕೆಲ್ಲ ಸೋಲಾರೇ ಕಾರಣ ಎಂಬ ಚುನಾವಣಾ ಭಾಷಣ ಅರ್ಧಸತ್ಯ. ಆದರೆ ಪ್ರಾಂತ್ಯದ ವಿದ್ಯುತ್ತಿನಲ್ಲಿ ಶೇಕಡ ಎರಡು ಮೂರು ಪಾಲಿನ ಬಿಸಿಲು ತನ್ನ ಪಾಲಿಗಿಂತ ಬಹಳ ಹೆಚ್ಚು ಹಣ ತಿಂದಿತು ಎಂಬುದೂ ಸುಳ್ಳಲ್ಲ. ಕಲ್ಲಿದ್ದಲು ನಿಂತದ್ದಂತೂ ದೊಡ್ಡ ಸಾಧನೆ. 2005ರಲ್ಲಿ ಒಂಟಾರಿಯೊದಲ್ಲಿ 53 ದಿನ ಹೊಗೆಮಂಜಿನ ಎಚ್ಚರಿಕೆ ಇತ್ತು. ಕೊನೆಯ ಕಲ್ಲಿದ್ದಲು ಸ್ಥಾವರ 2014ರ ಏಪ್ರಿಲ್‌ನಲ್ಲಿ ನಿಂತಿತು, ಆ ವರ್ಷ ಅಂಥ ಒಂದು ದಿನವೂ ಬರಲಿಲ್ಲ. ಅದರ ಹೆಚ್ಚಿನ ಶ್ರೇಯ ಅಣುಶಕ್ತಿಗೂ ಅನಿಲಕ್ಕೂ ಸಲ್ಲಬೇಕು. ಆಸ್ತಮಾ ಇರುವ ಮಗುವಿನ ತಾಯಿಗೆ ಈ ಲೆಕ್ಕ ಬೇಕಿಲ್ಲ, ಗಾಳಿ ಶುದ್ಧವಾದರೆ ಸಾಕು.

ಉದ್ಯೋಗದ ಮಾತಿಗೆ ಬಂದರೆ ಕತೆ ಬೇರೆ ದೇಶಗಳಿಗೆ ಹರಡುತ್ತದೆ. 2010ರ ಜನವರಿಯಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಬಳಗದೊಂದಿಗೆ ಸರ್ಕಾರ 700 ಕೋಟಿ ಡಾಲರ್‌ನ, 2,500 ಮೆಗಾವ್ಯಾಟ್‌ನ ಒಪ್ಪಂದ ಮಾಡಿಕೊಂಡಿತು. ಬೆಲೆ ಪೈಪೋಟಿಯಿಲ್ಲದೆ ಮಾಡಿದ ಆ ಒಪ್ಪಂದವನ್ನು 2013ರಲ್ಲಿ 1,369 ಮೆಗಾವ್ಯಾಟ್‌ಗೆ ಕತ್ತರಿಸಲಾಯಿತು. ಫಿಟ್ ಹಣ ಬೇಕಾದರೆ ಫಲಕ ಮತ್ತು ಕೆಲಸದ ಇಂತಿಷ್ಟು ಪಾಲು ಒಂಟಾರಿಯೊದ್ದೇ ಆಗಿರಬೇಕು ಎಂಬ ನಿಯಮವೂ ಇತ್ತು. ಮೈಕ್ರೋಫಿಟ್‌ಗೆ ಮೊದಲು ಶೇಕಡ 40, ಆಮೇಲೆ 60. ಜಪಾನ್ 2010ರಲ್ಲಿ, ಯುರೋಪ್ ಒಕ್ಕೂಟ 2011ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 2013ರ ಮೇ ತಿಂಗಳಲ್ಲಿ ಮೇಲ್ಮನವಿಯಲ್ಲೂ ಕೆನಡಾ ಸೋತಿತು, ನಿಯಮವನ್ನು ಕೈಬಿಡಬೇಕಾಯಿತು. ಆ ನಿಯಮ ನಂಬಿಕೊಂಡು ತೆರೆದ ಜೋಡಣಾ ಘಟಕಗಳ ನೆಲ ಅಲ್ಲಿಗೆ ಜಾರಿತು. ಭಾರತ ಇದರಿಂದ ಪಾಠ ಕಲಿಯಿತೇ ಎಂದು ಕೇಳಬೇಡಿ. ನಮ್ಮ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್ನಿನಲ್ಲೂ ಇಂಥದೇ ಸ್ವದೇಶಿ ಷರತ್ತು ಇತ್ತು, ಅಮೆರಿಕ ದೂರು ಕೊಟ್ಟಿತು, 2016ರಲ್ಲಿ ನಾವೂ ಸೋತೆವು.

ಲೆಕ್ಕಪರಿಶೋಧಕರ ವರದಿಗಳು ಓದಲು ಒಣ, ಆದರೆ ಈ ಕತೆಯ ನಿಜವಾದ ಕಥೆಗಾರರು ಅವರೇ. ಕಾಯ್ದೆ ಬಂದಾಗ ಬಿಲ್ ವರ್ಷಕ್ಕೆ ಶೇಕಡ 1ರಷ್ಟು ಮಾತ್ರ ಏರುತ್ತದೆ ಎಂದಿದ್ದರು. ವರ್ಷ ಒಂದೂವರೆ ಕಳೆಯುವಷ್ಟರಲ್ಲಿ ಅದೇ ಸಚಿವಾಲಯದ ಅಂದಾಜು ಮುಂದಿನ ಐದು ವರ್ಷಕ್ಕೆ ವರ್ಷಕ್ಕೆ ಶೇಕಡ 7.9 ಆಯಿತು. ಅದರ ಅರ್ಧಕ್ಕಿಂತ ಹೆಚ್ಚು ನವೀಕರಿಸಬಹುದಾದ ಇಂಧನದ ಖರ್ಚು. ಇಷ್ಟು ದೊಡ್ಡ ಯೋಜನೆಗೆ ಸಮಗ್ರ ಲಾಭನಷ್ಟದ ಪರಿಶೀಲನೆಯೇ ನಡೆದಿರಲಿಲ್ಲ ಎಂದು 2011ರ ವರದಿ ಹೇಳಿತು. 2015ರ ವರದಿ ಇನ್ನೂ ಖಾರ. 2006ರಿಂದ 2014ರವರೆಗೆ ಬಳಕೆದಾರರು ಗ್ಲೋಬಲ್ ಅಡ್ಜಸ್ಟ್‌ಮೆಂಟ್ ರೂಪದಲ್ಲಿ ಕೊಟ್ಟದ್ದು 3,700 ಕೋಟಿ ಡಾಲರ್. ಗಾಳಿ ಮತ್ತು ಸೌರದ 20 ವರ್ಷದ ಕರಾರುಗಳಿಗೆ ಹಳೆಯ ಖರೀದಿ ವಿಧಾನಕ್ಕಿಂತ 920 ಕೋಟಿ ಡಾಲರ್ ಹೆಚ್ಚು ತೆರಬೇಕಾಗುತ್ತದೆ. ಸೌರಕ್ಕೆ ಒಂಟಾರಿಯೊ ಒಪ್ಪಿದ ದರ ಅಮೆರಿಕದ ಮಾರುಕಟ್ಟೆ ದರದ ಮೂರೂವರೆ ಪಟ್ಟು.

ಅಷ್ಟರಲ್ಲಿ ಚಾವಣಿ ದರ 2012ರಲ್ಲಿ 54.9 ಸೆಂಟ್‌ಗೆ, 2013ರಲ್ಲಿ 39.6ಕ್ಕೆ, ಕೊನೆಕೊನೆಗೆ 30ರ ಆಸುಪಾಸಿಗೆ ಇಳಿದಿತ್ತು. 2017ರಲ್ಲಿ ಮೈಕ್ರೋಫಿಟ್ ಮುಚ್ಚಿತು. ಅದೇ ವರ್ಷ ಕ್ಯಾಥ್ಲೀನ್ ವಿನ್ ಸರ್ಕಾರ ಬಿಲ್ಲುಗಳನ್ನು ಶೇಕಡ 25 ಇಳಿಸಿತು. ಇಳಿಸಿದ್ದು ಸಾಲ ಮಾಡಿ. ಒಂದು ಸಬ್ಸಿಡಿಯ ಗಾಯಕ್ಕೆ ಇನ್ನೊಂದು ಸಬ್ಸಿಡಿಯ ಪಟ್ಟಿ. 2018ರ ಜೂನ್ ಚುನಾವಣೆಯಲ್ಲಿ ಜನ ಅವರನ್ನು ಮನೆಗೆ ಕಳಿಸಿದರು. ಗೆದ್ದು ಬಂದ ಡಗ್ ಫೋರ್ಡ್ ಸರ್ಕಾರ ಜುಲೈಯಲ್ಲೇ 758 ನವೀಕರಣ ಇಂಧನ ಕರಾರುಗಳನ್ನು ರದ್ದು ಮಾಡಿ 79 ಕೋಟಿ ಡಾಲರ್ ಉಳಿಸಿದೆವು ಎಂದಿತು. ರದ್ದು ಮಾಡಿದ್ದಕ್ಕೇ ಸುಮಾರು 23 ಕೋಟಿ ಡಾಲರ್ ಖರ್ಚಾಯಿತೆಂಬುದು ಮರುವರ್ಷ ಹೊರಬಂತು. ಹಸಿರು ಇಂಧನ ಕಾಯ್ದೆ 2019ರ ಜನವರಿ 1ರಿಂದ ಇಲ್ಲವಾಯಿತು. ಆದರೆ ಹಳೆಯ ಚಾವಣಿಗಳ ಕರಾರುಗಳನ್ನು ಯಾರೂ ಮುಟ್ಟಲಿಲ್ಲ, ಮುಟ್ಟುವಂತೆಯೂ ಇರಲಿಲ್ಲ. 2021ರಿಂದ ಸುಮಾರು 33 ಸಾವಿರ ನವೀಕರಣ ಕರಾರುಗಳ ಖರ್ಚಿನ ಬಹುಪಾಲನ್ನು ಬಿಲ್ಲಿನಿಂದ ತೆಗೆದು ಪ್ರಾಂತ್ಯದ ಬೊಕ್ಕಸಕ್ಕೆ ಹಾಕಿದರು. ಬಿಲ್ ಕಡಿಮೆಯಾದಂತೆ ಕಂಡಿತು, ಹಣ ಹೋದದ್ದು ತೆರಿಗೆಯಿಂದ. ಎಲ್ಲ ವಿದ್ಯುತ್ ಸಬ್ಸಿಡಿಗಳೂ ಸೇರಿ 20 ವರ್ಷಕ್ಕೆ 11,800 ಕೋಟಿ ಡಾಲರ್ ಆಗುತ್ತದೆ ಎಂದು ಪ್ರಾಂತ್ಯದ ಹಣಕಾಸು ಉತ್ತರದಾಯಿತ್ವ ಕಚೇರಿ 2022ರಲ್ಲಿ ಲೆಕ್ಕ ಕೊಟ್ಟಿತು.

ಹಾಗಾದರೆ ಬೇರೆ ದಾರಿಯೇ ಇರಲಿಲ್ಲವೇ? ಇತ್ತು, ಅದೂ ಈ ಸಂಚಿಕೆಯ ಓದುಗರ ಕಣ್ಣೆದುರಿಗೇ. ಒಂಟಾರಿಯೊ ಬೆಲೆ ಹೇಳಿ ಯಾರು ಬರುತ್ತೀರಿ ಎಂದು ಕೇಳಿತು. ದುಬೈ ಇಷ್ಟು ವಿದ್ಯುತ್ ಬೇಕು, ಯಾರು ಕಡಿಮೆಗೆ ಕೊಡುತ್ತೀರಿ ಎಂದು ಕೇಳಿತು. ಮಹಮ್ಮದ್ ಬಿನ್ ರಾಶಿದ್ ಅಲ್ ಮಕ್ತೂಮ್ ಸೋಲಾರ್ ಪಾರ್ಕಿನ ಎರಡನೆಯ ಹಂತಕ್ಕೆ 2015ರ ಹೊತ್ತಿಗೆ ಬಂದ ಬೆಲೆ ಯೂನಿಟ್‌ಗೆ 5.85 ಅಮೆರಿಕನ್ ಸೆಂಟ್, 2016ರಲ್ಲಿ ಮೂರನೆಯ ಹಂತಕ್ಕೆ 2.99. ಮರುಭೂಮಿಯ ಬಿಸಿಲು ಟೊರಾಂಟೊದ್ದಕ್ಕಿಂತ ಧಾರಾಳ, ಬಡ್ಡಿಯೂ ಕಡಿಮೆ, ಆಳುವ ರೀತಿಯೂ ಬೇರೆ. ಅಷ್ಟನ್ನೆಲ್ಲ ಕಳೆದರೂ 80ಕ್ಕೂ 6ಕ್ಕೂ ನಡುವಿನ ಅಂತರ ಬಿಸಿಲೊಂದರದ್ದಲ್ಲ. ಕೇಳುವ ರೀತಿಯಲ್ಲೇ ಅದು ಹುಟ್ಟಿದೆ. ಗಲ್ಫಿನಲ್ಲಿ ಸಬ್ಸಿಡಿಯ ಹಳ್ಳ ಬೇರೆ ಕಡೆ ಇದೆ: ಕುವೈತಿನಲ್ಲಿ 1966ರಿಂದ ನಡೆದ 2 ಫಿಲ್ಸ್ ದರದಲ್ಲಿ ಹೆಚ್ಚು ಎಸಿ ಓಡಿಸಿದವನಿಗೇ ಹೆಚ್ಚು ಸಬ್ಸಿಡಿ. ಅದು ಇನ್ನೊಂದು ಲೇಖನದ ವಿಷಯ.

ಕರ್ನಾಟಕಕ್ಕೆ ಬಂದರೆ ಒಂಟಾರಿಯೊದ ನೆರಳೇ ಕಾಣುತ್ತದೆ. ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರಿನಲ್ಲಿ ಚಾವಣಿ ಸೌರಕ್ಕೆ ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತು, ಬಂಡವಾಳ ಸಬ್ಸಿಡಿ ಪಡೆದವರಿಗೆ 7.20. ಫಲಕ ಅಗ್ಗವಾಗುತ್ತಿದ್ದಂತೆ ಇಲ್ಲೂ ನೂಕುನುಗ್ಗಲು, 2016ರಲ್ಲಿ ದರ ಇಳಿಕೆ. 2014ರ ಸೌರ ನೀತಿಯಲ್ಲಿ ಜಮೀನುಳ್ಳ ರೈತರಿಗೆಂದು 1ರಿಂದ 3 ಮೆಗಾವ್ಯಾಟ್‌ನ ಘಟಕಗಳನ್ನು ಕೊಟ್ಟರು, ದರ 8.40. ಭೂ ಪರಿವರ್ತನೆ, ತಂತಿ ಜೋಡಣೆಗಳಲ್ಲಿ ತಡವಾಗಿ ಗಡುವು ದಾಟಿತು. ಗಡುವು ದಾಟಿದವರ ದರ 6.51ಕ್ಕೆ, ಕೆಲವರದು 4.36ಕ್ಕೆ ಇಳಿಯಿತು. ತಡ ಯಾರಿಂದ ಆಯಿತು ಎಂಬ ವಾದ ಆಯೋಗದಿಂದ ಮೇಲ್ಮನವಿ ನ್ಯಾಯಮಂಡಳಿಯವರೆಗೂ ಹೋಯಿತು. ರೈತ ಸಾಲದ ಕಂತು ಕಟ್ಟುತ್ತಲೇ ವಕೀಲರ ಶುಲ್ಕವನ್ನೂ ಕಟ್ಟಿದ.

ಪಾವಗಡದ್ದು ಥಾರ್ನ್‌ಕ್ಲಿಫ್ ಪಾರ್ಕಿನ ಕತೆಯೇ, ಚಾವಣಿಯ ಜಾಗದಲ್ಲಿ ಜಮೀನು. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ನೆಲ ಕಿತ್ತುಕೊಳ್ಳದೆ ಗೇಣಿಗೆ ಪಡೆದರು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ಕೈಕೊಟ್ಟ ಸೀಮೆಯಲ್ಲಿ ಜಮೀನಿದ್ದವರಿಗೆ ಇದು ವರವೇ. ನಮಗೆ ಇದು ಒಳ್ಳೆಯ ಏರ್ಪಾಡು ಎಂದೇ ಅನ್ನಿಸುತ್ತದೆ. ಆದರೆ ಆ ಜಮೀನಿನಲ್ಲಿ ಕಡಲೆಕಾಯಿ ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಗೇಣಿಯ ಕಾಗದ ಬರುವುದಿಲ್ಲ. ಫಲಕ ತೊಳೆಯುವ, ಕಾವಲು ಕಾಯುವ ಕೆಲಸಗಳು ಹೊಲದ ಕೂಲಿಯಷ್ಟು ಜನರನ್ನು ಹಿಡಿಸುವುದೂ ಇಲ್ಲ.

ಹಾಗೆಂದು ಸರ್ಕಾರದ, ದಾನಿಗಳ ಹಣ ಎಲ್ಲ ಕಡೆಯೂ ಹಾಳಾಯಿತು ಎಂದಲ್ಲ. ನಮ್ಮ ಕರಾವಳಿಯವರಿಗೆ ಹತ್ತಿರದ ಒಂದು ಉದಾಹರಣೆ ಇದೆ, ಅದು ಹೆಚ್ಚು ಜನರಿಗೆ ಗೊತ್ತಿಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ದಕ್ಷಿಣ ಕರ್ನಾಟಕದಲ್ಲಿ ಸೌರ ದೀಪಕ್ಕೆ ಸಾಲ ಕೊಡಿಸಿತು. ಫಲಕಕ್ಕೆ ಹಣ ಕೊಡಲಿಲ್ಲ, ವಿದ್ಯುತ್ತಿಗೆ ಬೆಲೆ ಕಟ್ಟಲಿಲ್ಲ. ಬಡ್ಡಿಯನ್ನು ಶೇಕಡ 5ಕ್ಕೆ ಇಳಿಸಿ, ಆಮೇಲೆ ಆ ಸಹಾಯವನ್ನೂ ಮೆಲ್ಲಗೆ ಹಿಂತೆಗೆದುಕೊಂಡಿತು. 16 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸಾಲ ಸಿಕ್ಕಿತು. ಸೌರ ದೀಪಕ್ಕೆ ಸಾಲ ಕೊಟ್ಟರೆ ವಾಪಸ್ ಬರುತ್ತದೆ ಎಂದು ಶಾಖಾ ವ್ಯವಸ್ಥಾಪಕರಿಗೆ ಧೈರ್ಯ ಬಂತು. 1995ರಿಂದ ಈ ಕೆಲಸದಲ್ಲಿದ್ದ ಸೆಲ್ಕೋ ಸಂಸ್ಥೆಯ ಹರೀಶ್ ಹಂದೆ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು, ಬಡವನಿಗೆ ಬೇಕಾದದ್ದು ಸಬ್ಸಿಡಿಗಿಂತ ಅವನ ದುಡಿಮೆಯ ಲಯಕ್ಕೆ ಹೊಂದುವ ಸಾಲ ಎಂಬ ವಾದವನ್ನು ಬಹಳ ಹಿಂದಿನಿಂದ ಹೇಳುತ್ತ ಬಂದವರು. ಮುಂದೆ ಕೇಂದ್ರದ ಸೌರ ಮಿಷನ್ ನಬಾರ್ಡ್ ಮೂಲಕ ಶೇಕಡ 40ರ ಬಂಡವಾಳ ಸಬ್ಸಿಡಿ ತಂದಾಗ ಎಲ್ಲರೂ ಸಬ್ಸಿಡಿ ಬರಲಿ ಆಮೇಲೆ ನೋಡೋಣ ಎಂದು ಕಾದು ಕೂತರು.

ಈಗ ನಮಗೆ ಬರುವ ಪ್ರಶ್ನೆಗೆ. 2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಿಗುವುದು ನಿಜ. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಇರುವುದೂ ನಿಜ. ಒಂದು ಸರ್ಕಾರ ಚಾವಣಿ ತುಂಬಿಸಿ ಎನ್ನುತ್ತದೆ, ಇನ್ನೊಂದು ಬಿಲ್ಲೇ ಬೇಡ ಎನ್ನುತ್ತದೆ. ಬಿಲ್ಲೇ ಬಾರದ ಮನೆಯವರು ತಾರಸಿಗೆ ಯಾಕೆ ಹಣ ಹಾಕಬೇಕು? ನಮ್ಮಂಥವರ ಮನೆಯಂತೂ ವರ್ಷದ ಹತ್ತು ತಿಂಗಳು ಬೀಗ ಹಾಕಿರುತ್ತದೆ. ಹುಟ್ಟಿದ ವಿದ್ಯುತ್ ಗ್ರಿಡ್ಡಿಗೆ ಹೋಗುತ್ತದೆ, ಅದಕ್ಕೆ ಸಿಗುವ ದರ ಆ ಹಳೆಯ 9 ರೂಪಾಯಿ 56 ಪೈಸೆಯ ಹತ್ತಿರವೂ ಇಲ್ಲ. ಅಪ್ಪ ಅಮ್ಮ ಆ ಮನೆಯಲ್ಲಿದ್ದು, ಫ್ರಿಜ್ಜು, ಪಂಪು, ಎಸಿ ಎಲ್ಲ ಓಡಿ 200 ಯೂನಿಟ್ ದಾಟುತ್ತಿದ್ದರೆ ಲೆಕ್ಕ ಬೇರೆ. ಹಾಕಿಸಿ. ಸಬ್ಸಿಡಿ ಬಿಟ್ಟು ಲೆಕ್ಕ ಹಾಕಿದರೂ ಗೀಟುತ್ತದೆಯೇ ಎಂದು ನೋಡಿ ಹಾಕಿಸಿ. ಮಾರುವವರು ಕೊಡುವ ಹಾಳೆಯಲ್ಲಿ 25 ವರ್ಷದ ಉಳಿತಾಯ ದೊಡ್ಡ ಅಕ್ಷರದಲ್ಲಿರುತ್ತದೆ, ಇನ್ವರ್ಟರ್ ಅಷ್ಟು ವರ್ಷ ಬಾಳುವುದಿಲ್ಲ ಎಂಬುದು ಇರುವುದಿಲ್ಲ.

ಟೊರಾಂಟೊದಲ್ಲಿ 80.2 ಸೆಂಟ್‌ನ ಮೊದಲ ಕರಾರುಗಳು 2029-30ರ ಸುಮಾರಿಗೆ ಮುಗಿಯಲಿವೆ. ಅಷ್ಟರಲ್ಲಿ ಹೊಸದೊಂದು ಶುರುವಾಗಿದೆ. 2025ರ ಜನವರಿಯಲ್ಲಿ ಒಂಟಾರಿಯೊ ಸರ್ಕಾರ ಮನೆ ನವೀಕರಣದ ಹೊಸ ಯೋಜನೆ ತಂದಿತು. ಚಾವಣಿ ಸೋಲಾರಿಗೆ 5 ಸಾವಿರ ಡಾಲರ್‌ವರೆಗೆ, ಬ್ಯಾಟರಿಗೆ ಇನ್ನೊಂದು 5 ಸಾವಿರದವರೆಗೆ ವಾಪಸ್. ಈ ಸಲ ವಿದ್ಯುತ್ತಿಗೆ 20 ವರ್ಷದ ದರ ಕಟ್ಟಿಲ್ಲ. ಅಷ್ಟರಮಟ್ಟಿಗೆ ಪಾಠ ಕಲಿತಿದ್ದಾರೆ. ಯೋಜನೆ ಮನೆಯ ಮಾಲೀಕರಿಗೆ. ಲೀಸೈಡಿನಲ್ಲಿ ಕೆಲವರು ವಿಚಾರಿಸುತ್ತಿದ್ದಾರಂತೆ. ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ, 2023ರ ಮೇ ತಿಂಗಳಿಂದ ಬಾಡಿಗೆ ಏರಿಕೆಯ ವಿರುದ್ಧ ಬಾಡಿಗೆ ಮುಷ್ಕರ ಹೂಡಿದ ಕಟ್ಟಡಗಳಿರುವ ಆ ರಸ್ತೆಯಲ್ಲಿ, ಅದರ ಸುದ್ದಿ ನಮ್ಮ ಕಿವಿಗೆ ಬಿದ್ದಿಲ್ಲ.